ಸೆಕ್ಟರಿಗೊಂದು ಸ್ವಭಾವ

ಮನುಷ್ಯರನ್ನು ಅಳೆಯುವ ಚಟ ನಮಗೆಲ್ಲರಿಗೂ ಇದೆ. ಬಸ್ಸಿನಲ್ಲಿ ಪಕ್ಕಕ್ಕೆ ಕೂತವನು ಊರು ಕೇಳಿ, ಅಡ್ಡಹೆಸರು ಕೇಳಿ, ಕಮತಗಿ ದಾಟುವುದರೊಳಗೆ ನಮ್ಮ ಯೋಗ್ಯತೆ ಇಷ್ಟೇ ಎಂದು ತೀರ್ಮಾನಿಸಿ ಕಿಟಕಿಯ ಕಡೆ ಮುಖ ತಿರುಗಿಸಿಬಿಡುತ್ತಾನೆ. ಹೆಣ್ಣು ನೋಡಲು ಬಂದವರು ಅವಲಕ್ಕಿ ತಿನ್ನುತ್ತಲೇ ಇಡೀ ಮನೆತನವನ್ನು ಅಳೆದು ಮುಗಿಸಿರುತ್ತಾರೆ. ನಾನೂ ಈ ಪೈಕಿಯವನೇ. ಆದರೆ ಈ ಚಟಕ್ಕೊಂದು ಶಾಸ್ತ್ರವಿದೆ, ಅದಕ್ಕೆ ಪುಸ್ತಕಗಳಿವೆ, ಅಂಕಗಳಿವೆ ಎಂದು ನನಗೆ ಗೊತ್ತಾದದ್ದು ಎಂಬತ್ತರ ದಶಕದಲ್ಲಿ, ಬಾಗಲಕೋಟೆಯ ಹೈಸ್ಕೂಲಿನಲ್ಲಿ ತರಬೇತಿಯಿಲ್ಲದ ಮಾಸ್ತರನಾಗಿದ್ದ ನಾನು ನೌಕರಿ ಖಾಯಂ ಮಾಡಿಕೊಳ್ಳಲು ಬಿ.ಎಡ್. ಸೇರಿದಾಗ.

ಅಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಮೇಡಂ ಧಾರವಾಡದ ಕಡೆಯವರು. ಆಳು ಸಣ್ಣವರು, ದನಿಯೂ ಸಣ್ಣದು, ಆದರೆ ಅವರು ಕ್ಲಾಸಿನೊಳಗೆ ಬಂದರೆ ಹಿಂದಿನ ಬೆಂಚಿನವರೂ ಅಡಕೆ ಉಗಿದು ಬಂದು ಕೂರುತ್ತಿದ್ದರು. ವ್ಯಕ್ತಿತ್ವ ಪರೀಕ್ಷೆ ಎಂಬ ವಿಸ್ಮಯವನ್ನು ಅವರು ವಿವರಿಸಿದ ದಿನ ನಾನು ಅಕ್ಷರಶಃ ಬಾಯಿ ತೆರೆದುಕೊಂಡು ಕೂತಿದ್ದೆ. ಐವತ್ತು ಪ್ರಶ್ನೆ, ಹೌದು ಅಥವಾ ಇಲ್ಲ ಎಂಬ ಉತ್ತರ. ಅಷ್ಟರಲ್ಲಿ ಮನುಷ್ಯ ಸಿಡುಕನೋ ಸಮಾಧಾನಿಯೋ, ಅಂಜುಬುರುಕನೋ ಧೈರ್ಯವಂತನೋ ತಿಳಿದುಬಿಡುತ್ತದಂತೆ. ಸುಳ್ಳು ಹೇಳುವವರಿಗಾಗಿ ನಡುನಡುವೆ ಬಲೆ ಬೇರೆ. ‘ನೀವು ಜೀವನದಲ್ಲಿ ಒಮ್ಮೆಯೂ ಸುಳ್ಳು ಹೇಳಿಲ್ಲವೇ’ ಎಂಬ ಪ್ರಶ್ನೆಗೆ ಹೌದು, ಹೇಳಿಲ್ಲ ಎಂದವನು ಅಲ್ಲಿಯೇ ಸಿಕ್ಕಿಬೀಳುತ್ತಾನೆ. ಎಷ್ಟು ಚಂದದ ಉಪಾಯ ಎಂದು ನಾನು ಮನೆಗೆ ಬಂದವನೇ ಹೆಂಡತಿ ಶಾಂತಾಳ ಮೇಲೆ ಪ್ರಯೋಗಿಸಿದೆ. ನಿನಗೆ ಕಾರಣವಿಲ್ಲದೆ ಸಿಟ್ಟು ಬರುತ್ತದೆಯೇ ಎಂದು ಕೇಳಿದ್ದಕ್ಕೆ, ಕಾರಣ ಎದುರಿಗೇ ಕೂತು ಪ್ರಶ್ನೆ ಕೇಳುತ್ತಿರುವಾಗ ಕಾರಣವಿಲ್ಲದೆ ಹೇಗೆ ಬಂದೀತು ಎಂದು ಹೇಳಿ ರೊಟ್ಟಿ ಬಡಿಯಲು ಹೋದಳು. ಹೌದು, ಇಲ್ಲ ಎರಡರಲ್ಲಿ ಯಾವುದಕ್ಕೂ ಹೊಂದದ ಉತ್ತರವಾದ್ದರಿಂದ ನಾನು ಅದನ್ನು ಬಿಟ್ಟುಬಿಟ್ಟೆ.

ಪ್ರಾಯೋಗಿಕ ಪರೀಕ್ಷೆಗಾಗಿ ಐದು ಜನ ವಯಸ್ಕರನ್ನು ಪರೀಕ್ಷಿಸಿ ಅವರ ಉತ್ತರಗಳನ್ನು ಮೇಡಂಗೆ ಒಪ್ಪಿಸಬೇಕಾಗಿತ್ತು. ಬೇರೆಯವರು ಎಲ್ಲೆಲ್ಲಿಗೋ ಹೋದರು, ನಾನು ನಮ್ಮ ಓಣಿಯನ್ನೇ ಹಿಡಿದೆ. ಹಳೇ ಬಾಗಲಕೋಟೆಯ ಆ ಓಣಿಯ ಆಗಿನ ಸ್ಥಿತಿಯನ್ನು ಇಲ್ಲಿ ಹೇಳಲೇಬೇಕು. ಆಣೆಕಟ್ಟಿನ ನೀರು ಬರುತ್ತದೆ, ಊರು ಮುಳುಗುತ್ತದೆ, ಎಲ್ಲರೂ ನವನಗರಕ್ಕೆ ಹೋಗಬೇಕು ಎಂಬುದು ನಿಶ್ಚಯವಾಗಿತ್ತು. ಯಾವಾಗ, ಹೇಗೆ ಎಂಬುದಷ್ಟೇ ಯಾರಿಗೂ ಗೊತ್ತಿರಲಿಲ್ಲ. ಅಳೆಯುವವರು ಟೇಪು ಹಿಡಿದು ಬಂದು ಗೋಡೆ ಅಳೆದು, ಬಾಗಿಲು ಎಣಿಸಿ, ಹಿತ್ತಲ ಬೇವಿನ ಮರವನ್ನೂ ಬರೆದುಕೊಂಡು ಹೋಗಿದ್ದರು. ಮನೆ ಹೋಗುವ ಚಿಂತೆಗಿಂತ, ಹೊಸ ಊರಿನಲ್ಲಿ ನಮ್ಮ ಪಕ್ಕಕ್ಕೆ ಯಾರು ಬರುತ್ತಾರೆ ಎಂಬ ಚಿಂತೆಯೇ ಓಣಿಗೆ ದೊಡ್ಡದಾಗಿತ್ತು. ಅಲ್ಲಿ ಓಣಿಗಳಿಲ್ಲ, ಸೆಕ್ಟರುಗಳಿವೆ ಎಂದು ನೋಡಿ ಬಂದವರು ಹೇಳಿದ್ದರು. ಸೆಕ್ಟರು ಎಂದರೆ ಏನೆಂದು ಅವರಿಗೂ ತಿಳಿದಿರಲಿಲ್ಲ. ಇಂಥ ಹೊತ್ತಿನಲ್ಲಿ ನಾನು ಅಚ್ಚು ಹಾಕಿದ ಹಾಳೆ ಹಿಡಿದು, ಕೊರಳಿಗೆ ಸ್ಟಾಪ್ ವಾಚು ಹಾಕಿಕೊಂಡು, ನಿಮಗೆ ಬೇಗ ಸಿಟ್ಟು ಬರುತ್ತದೆಯೇ ಎಂದು ಮನೆಮನೆಗೆ ಕೇಳಲು ಹೊರಟೆ.

ಚಹಾದಂಗಡಿಯಲ್ಲಿ ಅದೇ ದಿನ ಸುದ್ದಿ ಹುಟ್ಟಿತು. ಮೊದಲು ಮನೆ ಅಳೆದರು, ಈಗ ಮನುಷ್ಯರನ್ನು ಅಳೆಯುತ್ತಿದ್ದಾರೆ. ಸಿಡುಕರಿಗೆಲ್ಲ ಒಂದು ಸೆಕ್ಟರು, ಶಾಂತ ಸ್ವಭಾವದವರಿಗೆ ಇನ್ನೊಂದು, ಅಂಜುವವರಿಗೆ ಮತ್ತೊಂದು. ಸ್ವಭಾವ ಕೂಡಿದವರನ್ನು ಒಂದೇ ಕಡೆ ಹಾಕಿದರೆ ಜಗಳ ಕಡಿಮೆ ಎಂದು ಸರಕಾರ ಯೋಚಿಸಿದೆ, ಅದಕ್ಕೆಂದೇ ಮಾಸ್ತರನನ್ನು ನೇಮಿಸಿದೆ. ಇದು ನನಗೆ ಆಗ ಗೊತ್ತಿರಲಿಲ್ಲ. ಜನ ಎದ್ದು ನಿಂತು ಖುರ್ಚಿ ಕೊಟ್ಟದ್ದನ್ನು, ಚಹಾದ ಜೊತೆಗೆ ಚೂಡಾ ಬಂದದ್ದನ್ನು ನಾನು ವಿಜ್ಞಾನಕ್ಕೆ ಸಂದ ಗೌರವವೆಂದೇ ತಿಳಿದೆ. ಮೊದಲ ಮೂವರು ಹಿರಿಯರು ಕೈಮುಗಿದುಕೊಂಡೇ ಉತ್ತರ ಹೇಳಿದರು. ಅವರಲ್ಲಿ ಒಬ್ಬರು, ಹಿಂದಿನ ದಿನವಷ್ಟೇ ನೀರಿನ ನಲ್ಲಿಯ ಸಲುವಾಗಿ ತಮ್ಮನ ಅಂಗಿ ಹರಿದವರು, ಹುಟ್ಟಿದಾಗಿನಿಂದ ಸಿಟ್ಟೆಂಬುದು ಹೇಗಿರುತ್ತದೆ ಎಂದೇ ನೋಡಿಲ್ಲವೆಂದರು. ಮೂವರೂ ಮೇಡಂ ಹೇಳಿದ ಬಲೆಯಲ್ಲಿ ಸಲೀಸಾಗಿ ಬಿದ್ದರು. ಶಾಸ್ತ್ರದ ಮೇಲೆ ನನ್ನ ಭಕ್ತಿ ಇನ್ನೂ ಹೆಚ್ಚಿತು.

ಉಳಿದ ಇಬ್ಬರು ಗೌರವ್ವ ಮತ್ತು ಹುಸೇನಬಿ. ಅಕ್ಕಪಕ್ಕದ ಮನೆಯವರು, ಇಬ್ಬರದೂ ಮೊಮ್ಮಕ್ಕಳು ತುಂಬಿದ ಮನೆಗಳು. ಗೌರವ್ವ ಗುಳೇದಗುಡ್ಡದ ಖಣ, ಇಳಕಲ್ಲ ಸೀರೆ ತರಿಸಿ ಮನೆಯಲ್ಲೇ ಮಾರುತ್ತಿದ್ದಳು; ಹುಸೇನಬಿ ಆ ಖಣದಿಂದ ಕುಬಸ ಹೊಲಿದುಕೊಡುತ್ತಿದ್ದಳು. ಇಲ್ಲಿ ಖಣ ಆರಿಸಿದ ಹೆಂಗಸು ಚಪ್ಪಲಿ ಹಾಕಿಕೊಳ್ಳದೆ ಅಲ್ಲಿ ಹೋಗಿ ಅಳತೆ ಕೊಡಬಹುದಿತ್ತು. ಇಬ್ಬರ ಸ್ವಭಾವಕ್ಕೆ ಮಾತ್ರ ತಾಳಮೇಳವಿರಲಿಲ್ಲ. ಹುಸೇನಬಿಯ ಸಿಟ್ಟು ಓಣಿಗೇ ಪ್ರಸಿದ್ಧ. ತೋಳು ಬಿಗಿಯಾಯಿತು ಎಂದು ಯಾರಾದರೂ ಅಂದರೆ, ತೋಳು ದಪ್ಪಗಾಗಿದ್ದು ಯಾರ ತಪ್ಪು ಎಂದು ಕೇಳಿಬಿಡುತ್ತಿದ್ದಳು. ಆದರೆ ಅಂಜಿಕೆ ಎಂಬುದು ಅವಳ ಹತ್ತಿರ ಸುಳಿಯುತ್ತಿರಲಿಲ್ಲ. ಗೌರವ್ವ ಯಾರಿಗೂ ಎತ್ತರದ ದನಿಯಲ್ಲಿ ಮಾತಾಡಿದವಳಲ್ಲ. ಗುಡುಗಿದರೆ ಮಾತ್ರ ಹೊದ್ದುಕೊಂಡು ಮೂಲೆ ಸೇರುತ್ತಿದ್ದಳು, ಬಾಗಿಲ ಕೀಲಿ ಹಾಕಿ ನಾಲ್ಕು ಹೆಜ್ಜೆ ಹೋಗಿ ಮತ್ತೆ ಬಂದು ಜಗ್ಗಿ ನೋಡುತ್ತಿದ್ದಳು. ಪರೀಕ್ಷಕನಾದವನು ಉತ್ತರಗಳ ಬಗ್ಗೆ ಯೋಚಿಸಬಾರದು, ಬರೆದುಕೊಳ್ಳಬೇಕು ಅಷ್ಟೇ ಎಂದು ಮೇಡಂ ಹೇಳಿದ್ದರಿಂದ ನಾನು ಯೋಚನೆಯನ್ನು ಮನೆಯಲ್ಲೇ ಬಿಟ್ಟು ಹೋಗಿದ್ದೆ. ಗೌರವ್ವನನ್ನು ಒಂದು ದಿನ, ಹುಸೇನಬಿಯನ್ನು ಮರುದಿನ ಕೂರಿಸಿ, ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಂಡು ಬಂದೆ.

ಮೇಡಂ ಆ ಎರಡು ಹಾಳೆಗಳನ್ನು ಪಕ್ಕಪಕ್ಕಕ್ಕೆ ಇಟ್ಟು ಬಹಳ ಹೊತ್ತು ನೋಡಿದರು. ಐವತ್ತಕ್ಕೆ ಐವತ್ತೂ ಒಂದೇ ಉತ್ತರ. ಅದೂ ಎಂಥ ಉತ್ತರಗಳು! ಸಿಟ್ಟು ಬರುತ್ತದೆ, ಅಂಜಿಕೆಯಾಗುತ್ತದೆ, ಸಂಶಯ ಬರುತ್ತದೆ, ಸಣ್ಣ ಮಾತಿಗೆ ಕಣ್ಣೀರು ಬರುತ್ತದೆ. ಮನುಷ್ಯರಿಗಿರಬಹುದಾದ ದೋಷಗಳೆಲ್ಲ ಎರಡು ಹಾಳೆಗಳಲ್ಲೂ ತುಂಬಿ ತುಳುಕುತ್ತಿದ್ದವು. ಅವಳಿ ಮಕ್ಕಳೂ ಹೀಗೆ ಉತ್ತರ ಕೊಡುವುದಿಲ್ಲ, ನೀವು ಮನೆಯಲ್ಲಿ ಕೂತು ಒಂದನ್ನು ನೋಡಿ ಇನ್ನೊಂದನ್ನು ತುಂಬಿದ್ದೀರಿ ಎಂದು ಮೇಡಂ ಸಮಾಧಾನದಿಂದಲೇ ಹೇಳಿದರು. ಅವರು ಸಮಾಧಾನದಿಂದ ಹೇಳಿದ್ದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ನಾನು ಆಣೆ ಪ್ರಮಾಣಕ್ಕೆ ಇಳಿದೆ. ಆಗಲಿ, ನಾನೇ ಬಂದು ನೋಡುತ್ತೇನೆ ಎಂದು ಅವರು ಮರುದಿನವೇ ನಮ್ಮ ಓಣಿಗೆ ಬಂದರು. ಅವರ ಚೀಲದಲ್ಲಿ ಬೇರೆಯೇ ಪ್ರಶ್ನೆಗಳಿದ್ದವು, ನಾನು ಕಂಡರಿಯದವು. ಗೌರವ್ವನನ್ನು ಅವಳ ಪಡಸಾಲೆಯಲ್ಲಿ ತಾವೇ ಪರೀಕ್ಷಿಸಿದರು. ಅದೇ ಹೊತ್ತಿಗೆ ಹುಸೇನಬಿಯನ್ನು ಓಣಿಯ ಆಚೆ ತುದಿಯ ನಮ್ಮ ಮನೆಗೆ ಕಳಿಸಿ, ನನ್ನ ಬದಲು ಶಾಂತಾಳಿಂದ ಪ್ರಶ್ನೆ ಓದಿಸಿದರು. ನಾನು ನಡುಬೀದಿಯಲ್ಲಿ, ಯಾವ ಮನೆಗೂ ಹೋಗಕೂಡದೆಂಬ ಅಪ್ಪಣೆ ಪಡೆದು, ಮೊಮ್ಮಕ್ಕಳ ಗೋಲಿಯಾಟ ನೋಡುತ್ತ ನಿಂತಿದ್ದೆ. ಬಿ.ಎಡ್. ಹೋದರೆ ನೌಕರಿ ಹೋಗುತ್ತದೆ ಎಂಬುದು ನನ್ನ ಮುಖದ ಮೇಲೆ ಬರೆದಿತ್ತೆಂದು ಕಾಣುತ್ತದೆ. ಒಬ್ಬ ಹುಡುಗ ನನ್ನನ್ನೂ ಆಟಕ್ಕೆ ಕರೆದ.

ಹಾಳೆಗಳು ಮತ್ತೆ ಪಕ್ಕಪಕ್ಕಕ್ಕೆ ಬಂದವು. ಮತ್ತೆ ಒಂದೇ ಉತ್ತರ, ಒಂದಕ್ಷರ ಆಚೀಚೆಯಿಲ್ಲ. ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ಇಬ್ಬರನ್ನೂ ಗೌರವ್ವನ ಪಡಸಾಲೆಯಲ್ಲಿ ಕೂರಿಸಿ, ಇದು ಹೇಗಾಯಿತು ಎಂದು ಕೇಳಿದರು. ಮೊದಲು ಗೌರವ್ವ ಬಾಯಿ ಬಿಟ್ಟಳು.

“ಇಬ್ಬರೂ ಒಂದ ಸೆಕ್ಟರಿನಾಗ ಇರಬೇಕಲ್ರಿ ಅಕ್ಕೋರ. ಸ್ವಭಾವ ಬ್ಯಾರೆ ಬ್ಯಾರೆ ಬಂದ್ರ ಆಕಿನ್ನ ಒಂದ ಕಡಿ, ನನ್ನ ಒಂದ ಕಡಿ ಹಾಕತಾರಂತ. ಆಕಿಗೆ ಸಿಟ್ಟು ಐತಿ. ಆಕಿ ಇಲ್ಲ ಅಂದ್ರ ಸುಳ್ಳಾಕ್ಕತಿ, ಇಡೀ ಓಣಿ ಸಾಕ್ಷಿ ಹೇಳತೈತಿ. ಅದಕ್ಕ ನಾನೂ ಐತಿ ಅಂದ್ನಿ. ಇಲ್ಲದ್ದ ಐತಿ ಅಂದ್ರ ಯಾರು ಹಿಡೀತಾರ್ರಿ?”

“ಗೌರಕ್ಕ ಗುಡುಗಿಗೆ ಅಂಜತಾಳ್ರಿ,” ಎಂದಳು ಹುಸೇನಬಿ, “ಅದಕ್ಕ ನಾನೂ ಅಂಜತೇನಿ ಅಂದೇನಿ. ಇಬ್ಬರೊಳಗ ಯಾರಿಗಿದ್ರೂ ಇಬ್ಬರಿಗೂ ಹೌದಂತ ಬರೆಸೂದು ಅಂತ ಮಾತಾಗಿತ್ತು. ಆಕಿಗೆ ಏನೈತಿ, ಏನಿಲ್ಲ ಅಂತ ನನಗ ಗೊತ್ತಿಲ್ಲೇನ್ರಿ?”

ಇಷ್ಟೇ ಅವರ ಗುಟ್ಟು. ಕೂಡಿ ಕೂತು ಉತ್ತರ ಬಾಯಿಪಾಠ ಮಾಡಿದ್ದಲ್ಲ, ಸನ್ನೆ ಮಾಡಿದ್ದಲ್ಲ. ಓಣಿಯ ಉಳಿದವರು ಒಳ್ಳೆಯ ಸೆಕ್ಟರು ಸಿಗಲೆಂದು ತಮ್ಮ ದೋಷಗಳನ್ನು ಅಡಗಿಸಿಟ್ಟುಕೊಂಡಾಗ ಈ ಇಬ್ಬರು ಹೆಂಗಸರು ಒಬ್ಬರ ದೋಷವನ್ನು ಇನ್ನೊಬ್ಬರು ಮೈಮೇಲೆ ಹಾಕಿಕೊಂಡಿದ್ದರು. ಎಂಥ ಕೆಟ್ಟ ಸೆಕ್ಟರಾದರೂ ಸರಿ, ಗೋಡೆಯಾಚೆ ಅವಳು ಇರಬೇಕು. ಮೇಡಂ, ಪರೀಕ್ಷೆಗೂ ಜಾಗಕ್ಕೂ ಸಂಬಂಧವಿಲ್ಲವೆಂದು ನಿಧಾನವಾಗಿ ತಿಳಿಸಿ ಹೇಳಿದರು. ಹಾಗಾದರೆ ಪಕ್ಕಪಕ್ಕಕ್ಕೆ ಜಾಗ ಕೊಡುವವರು ಯಾರು ಎಂದು ಗೌರವ್ವ ಕೇಳಿದಳು. ಅದು ಮೇಡಂಗೂ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಅವರು ಒಪ್ಪಿಕೊಂಡದ್ದಕ್ಕೆ ನಾನು ಅವರನ್ನು ಇಂದಿಗೂ ಗೌರವಿಸುತ್ತೇನೆ.

ವಾಪಸು ಹೋಗುವಾಗ ಮೇಡಂ ಬಸ್‌ಸ್ಟ್ಯಾಂಡಿನ ಹತ್ತಿರ ನಿಂತು, “ಮಾಸ್ತರ, ನಮ್ಮ ಪರೀಕ್ಷಾ ಒಬ್ಬೊಬ್ಬರನ್ನ ಅಳೀತಾವ. ನೀವು ನೋಡಿದ್ರ, ಇಬ್ಬರು ಕೂಡಿ ಒಬ್ಬರಾದವರನ್ನ ಹುಡುಕಿಕೊಂಡು ಬಂದ್ರಿ. ಅದಕ್ಕ ನನ್ನ ಕಡೆ ಅಳತಿಪಟ್ಟಿ ಇಲ್ಲ,” ಎಂದರು. ನನಗೆ ಒಳ್ಳೆಯ ಅಂಕವನ್ನೇ ಕೊಟ್ಟರು. ಶಾಸ್ತ್ರ ಸೋತಿತೆಂದು ನನಗೆ ಅನ್ನಿಸಲಿಲ್ಲ. ಅದು ಕೇಳದೇ ಇದ್ದಿದ್ದರೆ ಆ ಓಣಿಯಲ್ಲಿ ಅಷ್ಟು ವರ್ಷವಿದ್ದೂ ನಾನು ಅವರನ್ನು ಖಣ ಮಾರುವವಳು, ಕುಬಸ ಹೊಲಿಯುವವಳು ಎಂದಷ್ಟೇ ತಿಳಿದಿರುತ್ತಿದ್ದೆ.

ಮುಂದೆ ನಮ್ಮ ಪಾಳಿ ಬಂದು ಜಾಗ ಸಿಕ್ಕಾಗ ಯಾರ ಸ್ವಭಾವವನ್ನೂ ಯಾರೂ ಕೇಳಲಿಲ್ಲ. ಗೌರವ್ವ, ಹುಸೇನಬಿ ಇಬ್ಬರಿಗೂ ಒಂದೇ ಸೆಕ್ಟರು, ಒಂದೇ ಸಾಲು. ಆದರೆ ನಡುವೆ ಒಂದು ಜಾಗ ಬೇರೆಯವರಿಗೆ ಹೋಗಿತ್ತು. ಆ ಬೇರೆಯವನು ನಾನು. ಬದಲು ಮಾಡಿಕೊಳ್ಳೋಣವೆಂದು ನಾನೂ ಶಾಂತಾಳೂ ನಾವಾಗಿಯೇ ಹೋಗಿ ಹೇಳಿದೆವು. ಇಬ್ಬರೂ ಗಾಬರಿಯಾದರು. ಸರಕಾರದವರು ಬರೆದದ್ದನ್ನು ಮುಟ್ಟಿದರೆ ಮೂವರನ್ನೂ ಮೂರು ದಿಕ್ಕಿಗೆ ಹಾಕಿಬಿಟ್ಟಾರು, ಇದ್ದ ಹಾಗೇ ಇರಲಿ, ಮಾಸ್ತರ ಮನೆ ನಡುವೆ ಇದ್ದರೆ ಏನು ತೊಂದರೆ ಎಂದರು. ತೊಂದರೆ ಅವರಿಗೇನೂ ಆಗಲಿಲ್ಲ. ಬೆಳಗಾದರೆ ಗೌರವ್ವ ಆ ಕಡೆಯಿಂದ ಕೂಗುತ್ತಾಳೆ, ಹುಸೇನಬಿ ಈ ಕಡೆಯಿಂದ ಕೂಗುತ್ತಾಳೆ, ಮಾತೆಲ್ಲ ನನ್ನ ಅಂಗಳವನ್ನು ಹಾಯ್ದೇ ಹೋಗುತ್ತದೆ. ಖಣ ಆರಿಸಿದ ಹೆಂಗಸರು ನನ್ನ ಪಡಸಾಲೆಯಲ್ಲಿ ಹಾದು ಅಳತೆ ಕೊಡಲು ಹೋಗುತ್ತಾರೆ. ಏನು ಮಾತು ಬಂದರೂ ಇಬ್ಬರೂ “ಹೌದಿಲ್ರಿ ಮಾಸ್ತರ?” ಎಂದು ನನ್ನನ್ನೇ ಸಾಕ್ಷಿಗೆ ಕರೆಯುತ್ತಾರೆ, ನಾನೂ ಪತ್ರಿಕೆಯಿಂದ ತಲೆಯೆತ್ತದೆ ಹೌದೆನ್ನುತ್ತೇನೆ. ಮೇಡಂ ಈಗ ಬಂದು ನನ್ನನ್ನು ಪರೀಕ್ಷಿಸಿದರೆ ಅವರಿಗೆ ಅಂಥದೇ ಮೂರನೆಯ ಹಾಳೆ ಸಿಗುತ್ತದೆ. ಗುಡುಗಿನ ಅಂಜಿಕೆ ಗೌರವ್ವನಿಂದ ಬಂದದ್ದು, ಕೀಲಿ ಜಗ್ಗಿ ನೋಡುವುದೂ ಅವಳದೇ. ಸಿಟ್ಟು ಮಾತ್ರ ಯಾರಿಂದಲೂ ಕಡ ತಂದದ್ದಲ್ಲ, ಇಬ್ಬರ ನಡುವೆ ಕೂತು ನಾನೇ ಸಂಪಾದಿಸಿದ್ದು.