ಲೊರೇನಳ ಕೊನೆಯ ಕರೆ

ಎಲ್ಲಕ್ಕೂ ಮೂಲ ಒಂದು ಅಳಿಲು. ಎಲ್ಡನ್ ಕ್ರೌಸನ ಮನೆಯ ಮಾಡಿನ ಮೇಲಿದ್ದ ಆಂಟೆನಾದ ವೈರನ್ನು ಅದು ಗುರುವಾರ ಬೆಳಿಗ್ಗೆ ಕಡಿದು ಹಾಕಿತು. ವರ್ಷದ ಉಳಿದ ಮುನ್ನೂರ ಅರವತ್ತನಾಲ್ಕು ದಿನಗಳಲ್ಲಿ ಯಾವತ್ತು ಕಡಿದಿದ್ದರೂ ಎಲ್ಡನ್ ಕ್ಷಮಿಸಿಬಿಡುತ್ತಿದ್ದ.

ಎಲ್ಡನ್‌ಗೆ ಅರವತ್ತೇಳು ವರ್ಷ. ಒಹಾಯೋದ ಟಿಫ್ಟನ್ ಊರಿನ ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಕಾಗದ ವಿಂಗಡಿಸಿ ನಿವೃತ್ತನಾದವನು. ಮದುವೆಯಾಗಿರಲಿಲ್ಲ, ಯಾಕಾಗಲಿಲ್ಲ ಎಂದು ಕೇಳುವವರೂ ಈಗ ಉಳಿದಿರಲಿಲ್ಲ. ಅವನ ಅಡುಗೆಮನೆಯ ಮೇಜಿನ ಮೇಲೊಂದು ಸ್ಕ್ಯಾನರ್ ಇತ್ತು. ಪೊಲೀಸರು, ಬೆಂಕಿ ಆರಿಸುವವರು, ಆಂಬುಲೆನ್ಸಿನವರು ವೈರ್‌ಲೆಸ್ಸಿನಲ್ಲಿ ಆಡುವ ಮಾತೆಲ್ಲ ಅದರಲ್ಲಿ ಕೇಳುತ್ತಿತ್ತು. ಇದು ಕದ್ದು ಕೇಳುವುದಲ್ಲವೇ ಎಂದರೆ ಎಲ್ಡನ್‌ಗೆ ಸಿಟ್ಟು ಬರುತ್ತಿತ್ತು. ಸರ್ಕಾರವೇ ಗಾಳಿಗೆ ಬಿಟ್ಟ ಮಾತು, ಹಿಡಿದುಕೊಂಡರೆ ತಪ್ಪೇನು ಎನ್ನುವುದು ಅವನ ವಾದ.

ಆ ಡಬ್ಬದೊಳಗಿನಿಂದ ಇಪ್ಪತ್ತೆರಡು ವರ್ಷಗಳಿಂದ ಬರುತ್ತಿದ್ದ ದನಿ ಲೊರೇನಳದು. ಜನರ ಫೋನ್ ತೆಗೆದುಕೊಂಡು, ಯಾವ ಗಾಡಿ ಎಲ್ಲಿಗೆ ಹೋಗಬೇಕೆಂದು ವೈರ್‌ಲೆಸ್ಸಿನಲ್ಲಿ ಹೇಳುವುದು ಅವಳ ಕೆಲಸ. ಬೆಳಿಗ್ಗೆ ಆರಕ್ಕೆ ಸರಿಯಾಗಿ, "ಎಲ್ಲ ಗಾಡಿಗಳಿಗೂ ಶುಭೋದಯ. ಸಮಯ ಆರು ಗಂಟೆ" ಎನ್ನುತ್ತಿದ್ದಳು. ಅದು ಪೊಲೀಸರಿಗೆ ಹೇಳಿದ್ದು. ಆದರೂ ಎಲ್ಡನ್ ಬಾಯ್ತುಂಬ ಬ್ರೆಡ್ಡಿಟ್ಟುಕೊಂಡೇ, "ಶುಭೋದಯ, ಲೊರೇನ್" ಎಂದು ಉತ್ತರ ಕೊಡುತ್ತಿದ್ದ. ಆ ಮನೆಯಲ್ಲಿ ಅದು ದಿನದ ಮೊದಲ ಮಾತು. ಎಷ್ಟೋ ದಿನ ಕೊನೆಯ ಮಾತೂ ಅದೇ.

ಅವಳ ಮುಖವನ್ನು ಅವನು ಕಂಡವನಲ್ಲ. ಮಾತಾಡಿದ್ದು ಮಾತ್ರ ಆರು ಸಲ. ಮಿಲ್ ರೋಡ್ ಎಂಬ ಹೆಸರಿನ ರಸ್ತೆ ಊರಿನ ಉತ್ತರಕ್ಕೊಂದು, ದಕ್ಷಿಣಕ್ಕೊಂದು ಇತ್ತು. ಇದು ಕಾಗದ ವಿಂಗಡಿಸಿದವನಿಗೆ ಗೊತ್ತಿದ್ದಷ್ಟು ಪೊಲೀಸರಿಗೆ ಗೊತ್ತಿರಲಿಲ್ಲ. ಆಂಬುಲೆನ್ಸ್ ತಪ್ಪು ದಿಕ್ಕಿಗೆ ಹೊರಟಾಗಲೆಲ್ಲ ಎಲ್ಡನ್ ಕಚೇರಿಗೆ ಫೋನ್ ಮಾಡಿ, "ದಕ್ಷಿಣದ ಮಿಲ್ ರೋಡ್ ಅಮ್ಮಾ" ಎಂದಷ್ಟೇ ಹೇಳುತ್ತಿದ್ದ. "ದೊಡ್ಡ ಉಪಕಾರವಾಯ್ತು ಸರ್, ತಮ್ಮ ಹೆಸರು?" ಎಂದು ಅವಳು ಕೇಳುವಷ್ಟರಲ್ಲಿ ನಾಚಿಕೆಯಾಗಿ ಇಟ್ಟುಬಿಡುತ್ತಿದ್ದ.

ಈ ಗುರುವಾರ ಮಧ್ಯಾಹ್ನ ಮೂರಕ್ಕೆ ಲೊರೇನ್ ನಿವೃತ್ತಳಾಗುವವಳಿದ್ದಳು. ಹಾಗೆ ಬಿಡುವವರು ವೈರ್‌ಲೆಸ್ಸಿನಲ್ಲೇ ಕೊನೆಯ ಕರೆ ಕೊಟ್ಟು, ನಾಲ್ಕು ಮಾತಾಡಿ, ಸಮಯ ಹೇಳಿ ಮುಗಿಸುವುದು ಅವರಲ್ಲಿ ಪದ್ಧತಿ. ಒಮ್ಮೆ ಮುಗಿಯಿತೆಂದರೆ ಆ ದನಿ ಮತ್ತೆ ಕೇಳುವುದಿಲ್ಲ. ಎಲ್ಡನ್ ಹೊಸ ಅಂಗಿ ಇಸ್ತ್ರಿ ಮಾಡಿಟ್ಟುಕೊಂಡಿದ್ದ. ಅಂಥ ಹೊತ್ತಿಗೆ ಸರಿಯಾಗಿ ಡಬ್ಬದಿಂದ ಬರೀ ಬುಸ್ಸೆಂಬ ಸದ್ದು ಬರತೊಡಗಿತು.

ಪಕ್ಕದ ಮನೆಯ ಬರ್ಟ್‌ನಲ್ಲಿಗೆ ಏಣಿ ಕೇಳಲು ಹೋದ. ಬರ್ಟ್ ಸೋಫಾ ಮಾರಿ ಬದುಕು ಕಳೆದ ವಿಧುರ. ಒಂದು ಕೇಳಿದರೆ ಒಂಬತ್ತು ಹೇಳುವವನು.

"ಏಣಿ ಯಾಕಯ್ಯಾ? ನನ್ನ ಫೋನಲ್ಲೇ ಬರುತ್ತೆ ನೋಡು ಪೊಲೀಸರ ಮಾತು. ಕಾಲು ಚಾಚ್ಕೊಂಡು ಇಲ್ಲೇ ಕೇಳು," ಎಂದ.

"ಫೋನಿಂದು ಒಂದು ನಿಮಿಷ ತಡವಾಗಿ ಬರುತ್ತೆ ಕಣೋ. ನಾನು ತಂಗಳು ತಿನ್ನಲ್ಲ."

"ಒಂದು ನಿಮಿಷಕ್ಕೆ ಹಳಸಿಹೋಗುತ್ತೇನೋ?"

ಹಳಸುತ್ತದೆ ಎಂದು ಎಲ್ಡನ್ ಏಣಿ ಹೊತ್ತು ನಡೆದ. ಸ್ಕ್ಯಾನರ್ ಹವ್ಯಾಸದವರಿಗೆ ಫೋನಿನಲ್ಲಿ ಕೇಳುವುದೆಂದರೆ, ಹೊಳೆ ದಂಡೆಯಲ್ಲಿ ಗಾಳ ಹಿಡಿದು ಕೂತವನಿಗೆ ಅಂಗಡಿಯಿಂದ ಮೀನು ತಂದುಕೊಟ್ಟಂತೆ. ಅವರ ಜಂಬವೆಲ್ಲ ಇರುವುದು ಆ ಒಂದು ನಿಮಿಷದಲ್ಲಿ.

ಮಾಡು ಹತ್ತಿ ನೋಡಿದರೆ ವೈರು ರಿಪೇರಿಯಾಗುವ ಹಾಗಿರಲಿಲ್ಲ. ಆದರೆ ಜೇಬಿನಲ್ಲಿದ್ದ ಕೈ ಸ್ಕ್ಯಾನರ್, ಮನೆಯೊಳಗೆ ಕೆಮ್ಮುತ್ತಿದ್ದದ್ದು, ಆ ಎತ್ತರದಲ್ಲಿ ಗಂಟೆ ಹೊಡೆದ ಹಾಗೆ ಮಾತಾಡಿತು. ಸರಿ, ಮೂರರ ತನಕ ಇಲ್ಲೇ ಇರುವುದೆಂದು ಚಿಮಣಿಗೆ ಒರಗಿ, ಎರಡೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಕೂತ. ಎಷ್ಟೋ ತಿಂಗಳ ಮೇಲೆ ಅವನಿಗೆ ಸುಖವೆನಿಸಿತು.

ಬರ್ಟ್‌ಗೆ ತನ್ನ ಮಾಡಿನಂಚಿನ ದೋಣಿಯಲ್ಲಿ ಸಿಕ್ಕಿದ ಎಲೆಗಳ ನೆನಪಾದದ್ದು ಆಗ. ಬಂದು ನೋಡಿದರೆ ಏಣಿ ಸುಮ್ಮನೆ ಒರಗಿ ನಿಂತಿದೆ, ಮನುಷ್ಯನ ಸುಳಿವಿಲ್ಲ. ಕೆಲಸ ಮುಗಿಸಿ ಇಳಿದಿರಬೇಕೆಂದು ಏಣಿ ತೆಗೆದುಕೊಂಡು ಹೋದ. ಚಿಮಣಿಯ ಆಚೆ ಕೂತವನಿಗೆ ಇದು ಗೊತ್ತಾಗಲಿಲ್ಲ.

ಎದುರು ಮನೆಯ ವರ್ನಾ ಪರದೆ ಸರಿಸಿದಾಗ ಕಂಡದ್ದು ಇಷ್ಟು: ಒಂಟಿ ಮುದುಕ, ಇಸ್ತ್ರಿ ಮಾಡಿದ ಅಂಗಿ, ಮಾಡಿನ ತುದಿ, ಏಣಿ ಇಲ್ಲ. ಮೂರು ಸಲ ಕೂಗಿದರೂ ಓಗೊಡಲಿಲ್ಲ. ವರ್ನಾ ಪೊಲೀಸರಿಗೆ ಫೋನ್ ಮಾಡಿದಳು.

ಎರಡು ಮೂವತ್ತೈದಕ್ಕೆ ಎಲ್ಡನ್‌ನ ಕಿವಿಯಲ್ಲಿ ಲೊರೇನಳ ದನಿ ಬಂತು. "ಸಿಕಮೋರ್ ಬೀದಿ, ನಾನೂರ ಹದಿನೆಂಟನೇ ಮನೆ. ಮಾಡಿನ ಮೇಲೆ ವಯಸ್ಸಾದ ಒಬ್ಬರು ಕೂತಿದ್ದಾರೆ, ಕರೆದರೆ ಮಾತಾಡ್ತಿಲ್ಲ. ಮನಸ್ಸಿಗೇನೋ ನೋವಾಗಿರಬಹುದು ಅಂತಾರೆ. ನಿಧಾನವಾಗಿ ಮಾತಾಡಿಸಿ."

ಪಾಪ, ಯಾರೋ ಎಂದುಕೊಂಡ ಎಲ್ಡನ್. ನಂತರ ಅದು ತನ್ನದೇ ಮನೆಯ ನಂಬರೆಂದು ಹೊಳೆಯಿತು. ಲೊರೇನ್ ಕಡೆಗೂ ತನ್ನ ವಿಳಾಸ ಉಚ್ಚರಿಸಿದಳಲ್ಲ ಎಂದು ಎದೆ ತುಂಬಿ ಬಂತು. ವಯಸ್ಸಾದವರು ಎಂದದ್ದು ಮಾತ್ರ ಚುಚ್ಚಿತು.

ಹತ್ತು ನಿಮಿಷದಲ್ಲಿ ಅಂಗಳದಲ್ಲಿ ಎರಡು ಪೊಲೀಸ್ ಗಾಡಿ, ಒಂದು ಆಂಬುಲೆನ್ಸ್, ಒಂದು ಕೆಂಪು ಫೈರ್ ಎಂಜಿನ್ ಸೇರಿದವು. ಅಗ್ನಿಶಾಮಕದ ಮುಖ್ಯಸ್ಥ ತನ್ನ ಏಣಿ ಒರಗಿಸಿ, ಮಗುವನ್ನು ರಮಿಸುವವನಂತೆ, "ಇಳಿದು ಬನ್ನಿ ಸರ್, ಎಲ್ಲ ಸರಿಹೋಗುತ್ತೆ" ಎಂದ.

"ಎಲ್ಲ ಸರಿಯಾಗೇ ಇದೆ. ಮೂರು ಗಂಟೆ ತನಕ ಬಿಟ್ಟುಬಿಡಿ ನನ್ನ."

"ಮೂರಕ್ಕೆ ಏನಾಗುತ್ತೆ ಸರ್?"

"ಮೂರಕ್ಕೆ ನನ್ನದು ಮುಗೀತು. ಆಮೇಲೆ ನೀವು ಏನು ಬೇಕಾದ್ರೂ ಮಾಡ್ಕೊಳ್ಳಿ."

ಕೆಳಗೆ ವರ್ನಾ ಬಾಯಿಗೆ ಕೈ ಇಟ್ಟುಕೊಂಡಳು. ಮೇಲಿಂದ ಎಲ್ಡನ್ ವಿವರಿಸಲು ಹೋದಷ್ಟೂ ಅನುಮಾನ ಬಲವಾಯಿತು. ಇಪ್ಪತ್ತೆರಡು ವರ್ಷದಿಂದ ಒಬ್ಬಳ ದನಿ ಕೇಳುತ್ತಿದ್ದೇನೆ, ಇವತ್ತು ಅವಳು ಹೋಗುತ್ತಾಳೆ ಎಂದು ಮಾಡಿನ ಮೇಲೆ ಕೂತು ಹೇಳುವವನನ್ನು ಯಾರು ತಾನೇ ನಂಬುತ್ತಾರೆ?

ಮೂರಕ್ಕೆ ಒಂದು ನಿಮಿಷವಿದ್ದಾಗ ಲೊರೇನಳ ಕೊನೆಯ ಕರೆ ಇವತ್ತೇ ಎಂದು ಮುಖ್ಯಸ್ಥನಿಗೆ ನೆನಪಾಯಿತು. ಎಲ್ಲರೂ ಟೋಪಿ ತೆಗೆದು ಸಾಲಾಗಿ ನಿಂತರು. ಎಲ್ಡನ್ ಕೂಡ ಚಿಮಣಿ ಹಿಡಿದು ಎದ್ದು ನಿಂತ.

"ಎಲ್ಲ ಗಾಡಿಗಳಿಗೂ, ಇದು ನನ್ನ ಕೊನೆಯ ಕರೆ," ಎಂದಳು ಲೊರೇನ್. ದನಿ ಸ್ವಲ್ಪ ನಡುಗುತ್ತಿತ್ತು. "ನಿಮಗೆಲ್ಲ ಋಣಿ. ಆಮೇಲೆ ಇನ್ನೊಬ್ಬರಿಗೆ ಒಂದು ಮಾತು ಹೇಳೋದಿದೆ..."

ಅಷ್ಟರಲ್ಲಿ ಫೈರ್ ಎಂಜಿನ್ನಿನ ಡ್ರೈವರ್ ಗೌರವಾರ್ಥವಾಗಿ ಸೈರನ್ ಒತ್ತಿದ. ಎರಡೂ ಪೊಲೀಸ್ ಗಾಡಿಗಳು ದನಿಗೂಡಿಸಿದವು. ಎಲ್ಡನ್ ಎರಡೂ ಕೈ ಬೀಸಿ ನಿಲ್ಲಿಸಿ, ನಿಲ್ಲಿಸಿ ಎಂದು ಕೂಗಿದ. ಅವರು ಅದನ್ನು ವಂದನೆಯೆಂದು ತಿಳಿದು ಇನ್ನೂ ಒತ್ತಿದರು. ಸೈರನ್ ನಿಂತಾಗ ಕಿವಿಗೆ ಬಿದ್ದದ್ದು ಕಡೆಯ ತುಣುಕು ಮಾತ್ರ: "ಸಮಯ ಮೂರು ಗಂಟೆ ಎರಡು ನಿಮಿಷ."

ಕೆಳಗಿಳಿದವನೇ ಅವಳು ಏನೆಂದಳು ಎಂದು ಕಂಡಕಂಡವರನ್ನು ಕೇಳಿದ. ಸೈರನ್ನಿನ ಬುಡದಲ್ಲೇ ನಿಂತಿದ್ದವರಿಗೆ ಏನು ಕೇಳಿಸೀತು? ಪೈ ತಿನ್ನೋ ಬಗ್ಗೆ ಏನೋ ಅಂದ ಹಾಗಿತ್ತು ಎಂದ ಡ್ರೈವರ್. ಇವರಿಗೆ ಹೊಟ್ಟೆಯದೇ ಧ್ಯಾನ ಎಂದುಕೊಂಡ ಎಲ್ಡನ್. ಆಂಬುಲೆನ್ಸಿನವರು ರಕ್ತದೊತ್ತಡ ನೋಡಿ ಹೋದರು. ವರ್ನಾ ಮಾತ್ರ ಹೋಗಲಿಲ್ಲ. ಇಂಥ ಹೊತ್ತಿನಲ್ಲಿ ನಿಮ್ಮನ್ನು ಒಂಟಿಯಾಗಿ ಬಿಡಬಾರದು ಎಂದು ಟೂನಾ ಮೀನಿನ ಶ್ಯಾವಿಗೆ ತಂದು ತಿನ್ನಿಸುತ್ತ, ಐದರವರೆಗೂ ಅವನ ಕುರ್ಚಿಯ ಪಕ್ಕದಿಂದ ಅಲುಗಲಿಲ್ಲ.

ಆರು ಗಂಟೆಗೆ ಬರ್ಟ್ ಬಂದ. ಒಂದು ಕೈಯಲ್ಲಿ ಏಣಿ, ಇನ್ನೊಂದರಲ್ಲಿ ಅರ್ಧ ತುಂಡು ಚೆರಿ ಪೈ. ಏಣಿ ತೆಗೆದ ತಪ್ಪಿಗೆ ಹೆದರಿ ಗಾಡಿಗಳೆಲ್ಲ ಹೋಗುವ ತನಕ ಮನೆಯೊಳಗೆ ಬಾಗಿಲು ಹಾಕಿಕೊಂಡು ಕೂತಿದ್ದನಂತೆ.

"ಸೈರನ್ ನಿಂತ ಮೇಲೆ ನನ್ನ ಫೋನಲ್ಲಿ ಅವಳ ಮಾತು ಬಂತು ಕಣಯ್ಯಾ, ಒಂದಕ್ಷರ ಬಿಡದೆ. ಮಿಲ್ ರೋಡ್ ಎರಡಿದೆ ಅಂತ ಯಾರೋ ಫೋನ್ ಮಾಡಿ ಹೇಳ್ತಿದ್ರಂತೆ, ಅವರ ಹೆಸರು ಕೇಳಕ್ಕಾಗ್ಲಿಲ್ಲ ಅನ್ನೋದೊಂದೇ ಕೊರಗು ಉಳಿದಿದೆ ಅಂದ್ಲು. ನಾಲ್ಕಕ್ಕೆ ರೈಲ್ವೆ ಗೇಟ್ ಹೋಟೆಲ್ಲಿಗೆ ಬನ್ನಿ, ಪೈ ಕೊಡಿಸ್ತೀನಿ ಅಂದ್ಲು."

ಎಲ್ಡನ್ ಮೇಜಿನ ಅಂಚು ಹಿಡಿದುಕೊಂಡ.

"ಯಾರಪ್ಪಾ ಅದು ನೋಡೋಣ ಅಂತ ನಾನೂ ಹೋಗಿ ಪಕ್ಕದ ಮೇಜಲ್ಲಿ ಕೂತೆ. ನಾಲ್ಕೂವರೆ ಆದ್ರೂ ಆ ಪುಣ್ಯಾತ್ಮ ಪತ್ತೆ ಇಲ್ಲ. ಅವಳಿಗೆ ಕಣ್ಣಲ್ಲಿ ನೀರು. ನನ್ನ ಹತ್ರ ಬಂದು, ನೀವೇನಾ ಅಂದ್ಲು. ಇಲ್ಲ ಅನ್ನಕ್ಕೆ ಬಾಯಿ ತೆಗೆದೆ, ಅಷ್ಟರಲ್ಲಿ ಪೈ ಬಂತು."

"ಆಮೇಲೆ?"

"ಆಮೇಲೇನು, ಭಾನುವಾರ ನಮ್ಮನೇಗೆ ಊಟಕ್ಕೆ ಬರ್ತಾಳೆ. ಸ್ಕ್ಯಾನರ್ ನೋಡಬೇಕಂತೆ. ನಿನ್ನ ಡಬ್ಬ ಮೂರ್ನಾಲ್ಕು ದಿನ ಕೊಡು. ಈ ಮಿಲ್ ರೋಡ್ ಕತೆ ಏನು ಅಂತಾನೂ ಸ್ವಲ್ಪ ಹೇಳಿಕೊಡು."

ನಾನೇ ಅವನು ಎನ್ನಲು ಎಲ್ಡನ್‌ಗೆ ಎರಡೇ ಪದ ಸಾಕಿತ್ತು. ಆದರೆ ಆರು ಸಲ ಹೆಸರು ಕೇಳಿದಾಗ ಹೇಳಲಾರದವನು ಏಳನೇ ಸಲವೂ ಹೇಳಲಿಲ್ಲ. ಜೊತೆಗೆ, ಬರ್ಟ್ ಕನ್ನಡಕ ಹಾಕಿಕೊಂಡು, ಪೆನ್ಸಿಲ್ ಹಿಡಿದು, ಅವನ ಬಾಯನ್ನೇ ನೋಡುತ್ತ ಕೂತಿದ್ದ. ಆ ಅಡುಗೆಮನೆಯಲ್ಲಿ ಎಲ್ಡನ್‌ನ ಮಾತಿಗಾಗಿ ಯಾರೂ ಹಾಗೆ ಕಾದಿರಲಿಲ್ಲ. ಅವನು ಮೊದಲನೇ ಕರೆಯಿಂದ ಶುರು ಮಾಡಿ ಆರನ್ನೂ ಹೇಳಿದ. ಯಾವ ವರ್ಷ, ಯಾರಿಗೆ ಎದೆನೋವು, ಅವಳು ಏನೆಂದಳು, ಯಾವ ಸಲ ಅವಳಿಗೆ ನೆಗಡಿಯಾಗಿತ್ತು, ಎಲ್ಲವನ್ನೂ.

"ಇಷ್ಟೆಲ್ಲ ನಿನಗೆ ಹೇಗೆ ಗೊತ್ತು ಮಾರಾಯಾ?" ಎಂದ ಬರ್ಟ್.

"ಕೇಳ್ತಾ ಇದ್ದೆನಲ್ಲ," ಎಂದ ಎಲ್ಡನ್.

ಬರ್ಟ್ ಡಬ್ಬವನ್ನು ಕಂಕುಳಲ್ಲಿಟ್ಟುಕೊಂಡು ಎದ್ದ. ಬಾಗಿಲಲ್ಲಿ ತಿರುಗಿ ನಿಂತ. ಸೋಫಾ ಮಾರಿದವನಿಗೂ ಹೃದಯವಿರುತ್ತದೆ.

"ನಿನಗೂ ಅವಳ ದನಿ ಅಂದ್ರೆ ಇಷ್ಟ ಅಂತ ಗೊತ್ತು ಕಣಯ್ಯಾ. ಊಟಕ್ಕೆ ಕರೀಬಹುದಿತ್ತು, ಆದ್ರೆ ನೀನಿದ್ರೆ ನಾನು ಸಿಕ್ಕಿಬೀಳ್ತೀನಿ. ಒಂದು ಕೆಲಸ ಮಾಡ್ತೀನಿ. ಭಾನುವಾರ ಕಿಟಕಿ ತೆಗೆದಿಟ್ಟಿರ್ತೀನಿ, ನಿನ್ನ ಮನೇಗೆ ಚೆನ್ನಾಗಿ ಕೇಳುತ್ತೆ. ಒಂದು ನಿಮಿಷಾನೂ ತಡ ಇಲ್ಲ."

ಮೇಜಿನ ಮೇಲೆ ಡಬ್ಬವಿದ್ದ ಜಾಗದಲ್ಲಿ ಧೂಳಿಲ್ಲದ ಒಂದು ಚೌಕ ಕಾಣುತ್ತಿತ್ತು.

"ಯಾವ ಕಿಟಕಿ?" ಎಂದು ಎಲ್ಡನ್ ಕೇಳಿದ. "ಅಡುಗೆಮನೇದೋ, ಹಾಲಿನದೋ?"