ಗಾಳಿಯ ಹಾಜರಿ ಪುಸ್ತಕ

ಪಂಚಭೂತಗಳಲ್ಲಿ ನಮ್ಮ ಭಾಷೆಯಿಂದ ಅತಿ ಹೆಚ್ಚು ಅವಮಾನಪಟ್ಟದ್ದು ಗಾಳಿ. ನೀರನ್ನು ಗಂಗೆ ಎಂದು ತಲೆಗೆ ಪ್ರೋಕ್ಷಿಸಿಕೊಳ್ಳುತ್ತೇವೆ, ಬೆಂಕಿಗೆ ತುಪ್ಪ ಸುರಿಯುತ್ತೇವೆ, ಹಾಸಿಗೆಯಿಂದ ಎದ್ದು ಭೂಮಿಗೆ ಕಾಲೂರುವ ಮುನ್ನ ಕ್ಷಮೆ ಕೇಳುವವರೂ ಇದ್ದಾರೆ. ಗಾಳಿಯ ಪಾಲಿಗೆ ಬಂದದ್ದೇನು? ನಂಬಬಾರದ ಮಾತು ಗಾಳಿಸುದ್ದಿ, ಕಟ್ಟಲಾಗದ ಮನೆ ಗಾಳಿಗೋಪುರ, ಯಾರಾದರೂ ಎರಡು ದಿನ ಮಂಕಾಗಿ ಕೂತರೆ ಗಾಳಿ ಸೋಕಿದೆ. ಈ ಅವಮಾನದಲ್ಲಿ ನನ್ನ ಪಾಲೂ ಇದೆ. ಮಂಡಿಕಲ್ಲಿನ ಹೈಸ್ಕೂಲಿನಲ್ಲಿ ನಾನು ಲೆಕ್ಕದ ಮೇಷ್ಟ್ರು. ಉತ್ತರ ಬಾರದವರಿಗೆಲ್ಲ "ತಲೇಲಿ ಬರೀ ಗಾಳಿ ಕಣೋ ನಿಂಗೆ" ಎಂದು ಹೇಳಿ ಹೇಳಿ ನನ್ನ ಹಲ್ಲು ಸವೆದಿವೆ. ನಾನು ಲೆಕ್ಕದ ಮೇಷ್ಟ್ರಾದ ಕಥೆ ಸ್ವಲ್ಪ ಉದ್ದದ್ದು, ಅದು ಇಲ್ಲಿ ಬೇಡ. ಇಂಥ ನನ್ನ ಕೈಗೇ ಒಂದು ವರ್ಷ ಕಾಲ ಗಾಳಿಯ ಹಾಜರಿ ಪುಸ್ತಕ ಬಂತು ಎಂಬುದಷ್ಟೇ ನಾನು ಹೇಳಹೊರಟಿರುವುದು.

ಊರಾಚೆ ನಮ್ಮ ಅಕ್ಕ ಮುನಿಲಕ್ಷ್ಮಮ್ಮನ ಹೆಸರಿನಲ್ಲಿ ಒಂದು ಕಲ್ಲುಗುಡ್ಡವಿದೆ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ ಅವಳು. ಗುಡ್ಡದಲ್ಲಿ ಬೆಳೆಯುವುದು ನಾಲ್ಕು ಸೀತಾಫಲದ ಗಿಡ, ಮೇಯುವುದು ಅವಳ ಆಡುಗಳು, ಅಷ್ಟೇ. ಆದರೆ ಬೆಂಗಳೂರಿನ ಕಟ್ಟಡಗಳಿಗೆ ಜಲ್ಲಿ ಬೇಕಾಗುತ್ತಿದ್ದಂತೆ ಆ ಗುಡ್ಡದ ಮೇಲೆ ಕ್ವಾರಿಯ ರಾಮಾಂಜಿಯ ಕಣ್ಣು ಬಿತ್ತು. ರಾಮಾಂಜಿ ನನ್ನ ಹಳೆಯ ಶಿಷ್ಯ. ಒಂಬತ್ತನೇ ತರಗತಿಯ ಲೆಕ್ಕದಲ್ಲಿ ಮೂವತ್ಮೂರು ತೆಗೆದು, ಇನ್ನೆರಡು ಅಂಕಕ್ಕಾಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ. "ಲೆಕ್ಕದಲ್ಲಿ ದಯೆ ಇಲ್ಲಪ್ಪ" ಎಂದು ಕಳಿಸಿದ್ದೆ. ಅವನು ಸ್ಕೂಲು ಬಿಟ್ಟು ಕಲ್ಲಿನ ಲಾರಿ ಹತ್ತಿದ. ಈಗ ಅವನವೇ ಆರು ಲಾರಿಗಳಿವೆ. ಎದುರು ಸಿಕ್ಕಾಗಲೆಲ್ಲ ಲಾರಿ ನಿಲ್ಲಿಸಿ ನಮಸ್ಕಾರ ಮಾಡುತ್ತಾನೆ, ನನಗೆ ಬೈದಿದ್ದರೇ ವಾಸಿ ಅನ್ನಿಸುತ್ತದೆ.

ಅಕ್ಕ ಗುಡ್ಡ ಕೊಡಲೋ ಬೇಡವೋ ಎಂದು ತೂಗುತ್ತಿದ್ದಾಗಲೇ ಒಂದು ಜೀಪು ಬಂತು. ಇಳಿದವರು ಗಾಳಿಯಿಂದ ಕರೆಂಟು ಮಾಡುವ ಕಂಪನಿಯ ಎಂಜಿನಿಯರ್ ಸುಧಾಕರ್, ಕುಂದಾಪುರದ ಕಡೆಯವರು. ದಿನಕ್ಕೆ ಇಷ್ಟು ಗಂಟೆ ಕರೆಂಟು ಎಂದು ರೇಡಿಯೋದಲ್ಲಿ ಹೇಳುತ್ತಿದ್ದ ಕಾಲ ಅದು. ರಾಜ್ಯದ ಗುಡ್ಡಗಳನ್ನೆಲ್ಲ ಹತ್ತಿ ಎಲ್ಲೆಲ್ಲಿ ಗಾಳಿ ಇದೆಯೆಂದು ಹುಡುಕುತ್ತಿದ್ದರು. "ಒಂದು ವರ್ಷ ಅಳೀಬೇಕು ಮಾರಾಯ್ರೆ. ಗಾಳಿ ಸಾಕಷ್ಟು ಉಂಟು ಅಂತಾದ್ರೆ ಇಲ್ಲೇ ಯಂತ್ರ ನಿಲ್ಲಿಸುವ" ಎಂದರು. ಅಕ್ಕ ರಾಮಾಂಜಿಯನ್ನು ಕರೆಸಿ, "ಒಂದು ವರ್ಷ ತಡ್ಕೋಪ್ಪ. ಗಾಳಿ ಪಾಸಾದ್ರೆ ಫ್ಯಾನು. ಇಲ್ಲಾಂದ್ರೆ ನಿನ್ ಕ್ವಾರಿ ವಿಷ್ಯ ನೋಡ್ತೀನಿ" ಎಂದಳು. "ಏಮಕ್ಕಾ, ಗಾಳಿ ನಂಬ್ಕೊಂಡು ಯಾರಾದ್ರೂ ಉದ್ಧಾರ ಆಗಿದ್ದಾರಾ?" ಎಂದು ರಾಮಾಂಜಿ ನಕ್ಕ. ಗುಡ್ಡ ಗುಡ್ಡವಾಗಿ ಉಳಿಯುವುದೋ ಜಲ್ಲಿಯಾಗಿ ಬೆಂಗಳೂರಿಗೆ ಹೋಗುವುದೋ ಎಂಬುದು ಹೀಗೆ ಗಾಳಿಯ ಪರೀಕ್ಷೆಯ ಮೇಲೆ ನಿಂತಿತು.

ಗುಡ್ಡದ ನೆತ್ತಿಯಲ್ಲಿ ಕಂಬ ಎದ್ದಿತು. ಮೂರು ತೆಂಗಿನ ಮರದಷ್ಟು ಎತ್ತರ, ಸುತ್ತಲೂ ಎಳೆದು ಕಟ್ಟಿದ ತಂತಿಗಳು, ತುದಿಯಲ್ಲಿ ತಿರುಗುವ ಮೂರು ಪುಟ್ಟ ಬಟ್ಟಲು, ಬುಡದಲ್ಲಿ ಎಲ್ಲವನ್ನೂ ತಾನೇ ಬರೆದುಕೊಳ್ಳುವ ಒಂದು ಪೆಟ್ಟಿಗೆ. ತಿಂಗಳಿಗೊಮ್ಮೆ ಪೆಟ್ಟಿಗೆಯೊಳಗಿನ ಚೂರಿನಂಥ ಕಾರ್ಡು ತೆಗೆದು ಅಂಚೆಗೆ ಹಾಕಿ, ಹೊಸದನ್ನು ಸಿಕ್ಕಿಸುವುದು ಸುಧಾಕರ್ ನನಗೆ ಒಪ್ಪಿಸಿದ ಕೆಲಸ. ನನಗೆ ಅಷ್ಟಕ್ಕೇ ಸುಮ್ಮನಿರಲಾಗಲಿಲ್ಲ. ಇಪ್ಪತ್ತು ವರ್ಷ ಹಾಜರಿ ಕೂಗಿದ ಬಾಯಿ. ಶಾಲೆಯ ಹಳೆಯ ಹಾಜರಿ ಪುಸ್ತಕವೊಂದನ್ನು ತೆಗೆದು, ಮೊದಲನೇ ಸಾಲಿನಲ್ಲಿ 'ಗಾಳಿ' ಎಂದು ಬರೆದು, ದಿನಾ ಬೆಳಿಗ್ಗೆ ಗುಡ್ಡ ಹತ್ತಿ, ಬಟ್ಟಲು ತಿರುಗುತ್ತಿದ್ದರೆ 'ಹಾ' ಎಂದೂ ನಿಂತಿದ್ದರೆ 'ಗೈ' ಎಂದೂ ಗುರುತು ಹಾಕತೊಡಗಿದೆ. "ಸಕ್ಕರೆ ಕಾಯಿಲೆಗೆ ಡಾಕ್ಟ್ರು ನಡೀರಿ ಅಂದಾಗ ನಡೀಲಿಲ್ಲ, ಗಾಳಿಗೋಸ್ಕರ ಗುಡ್ಡ ಹತ್ತಾರೆ" ಎಂದು ನನ್ನ ಹೆಂಡತಿ ಪಕ್ಕದ ಮನೆಯವರಿಗೆ ಹೇಳುತ್ತಿದ್ದುದು ನನಗೂ ಕೇಳಿಸುತ್ತಿತ್ತು.

ಆದರೆ ಹತ್ತಿದವನಿಗೇ ಗೊತ್ತು. ಐವತ್ತರ ಹತ್ತಿರ ಬಂದರೂ ನಾನು ಗಾಳಿಯನ್ನು ನೋಡಿಯೇ ಇರಲಿಲ್ಲ. ನೆತ್ತಿಯಲ್ಲಿ ಕೂತರೆ ಅದು ಬರುವುದು ಕಾಣುತ್ತದೆ. ಮೊದಲು ದೂರದ ಕೆರೆಯ ನೀರು ಸುಕ್ಕಾಗುತ್ತದೆ, ಆಮೇಲೆ ನೀಲಗಿರಿ ತೋಪು ಬೆಳ್ಳಗೆ ಮಗುಚುತ್ತದೆ, ರಾಗಿ ಹೊಲ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಬಾಗಿ ಏಳುತ್ತದೆ, ಕೊನೆಗೆ ನನ್ನ ಪಂಚೆ. ಆಷಾಢದಲ್ಲಂತೂ ಕಂಬದ ತಂತಿಗಳು ತಂಬೂರಿಯಂತೆ ನುಡಿಯುತ್ತಿದ್ದವು. ಇಷ್ಟು ದೊಡ್ಡದೊಂದು ದಿನಾ ನಮ್ಮ ತಲೆಯ ಮೇಲೆ ಹಾದುಹೋಗುತ್ತಿದ್ದರೂ ಟೋಪಿ ಹಾರದಂತೆ ಹಿಡಿದುಕೊಳ್ಳುವುದು ಬಿಟ್ಟು ನಾವು ಬೇರೇನೂ ಮಾಡಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಆ ತಿಂಗಳೇ ಸುಧಾಕರ್ ಯಂತ್ರ ತೋರಿಸಲೆಂದು ಅಕ್ಕನನ್ನೂ ನನ್ನನ್ನೂ ಚಿತ್ರದುರ್ಗದ ಕಡೆಯ ಬೆಟ್ಟಗಳಿಗೆ ಕರೆದುಕೊಂಡು ಹೋದರು. ದೂರದಿಂದ ಮಕ್ಕಳ ಗಿರಿಗಿಟ್ಲೆಯಂತೆ ಕಂಡದ್ದು ಹತ್ತಿರ ಹೋದಂತೆ ಬೆಳೆಯಿತು, ಬೆಳೆಯಿತು, ಕೊನೆಗೆ ತಲೆಯೆತ್ತಿ ನೋಡಲು ಹೋಗಿ ನಾನು ಹಿಂದಕ್ಕೆ ಬಿದ್ದೆ. ಒಂದೊಂದು ರೆಕ್ಕೆಯೂ ನಮ್ಮ ಶಾಲೆಯ ಕಟ್ಟಡಕ್ಕಿಂತ ಉದ್ದ. ರೆಕ್ಕೆ ಇಳಿದಾಗಲೆಲ್ಲ 'ಹೂಂ' ಎಂದು ಯಾರೋ ದೊಡ್ಡವರು ಒಪ್ಪಿಕೊಂಡ ಹಾಗೆ ಸದ್ದು, ಹಿಂದೆಯೇ ನೆಲದ ಮೇಲೆ ನೆರಳು ನಮ್ಮನ್ನು ಸವರಿಕೊಂಡು ಹೋಗುತ್ತಿತ್ತು. ಗಾಳಿಗೋಪುರ ಎಂದು ಹಾಸ್ಯ ಮಾಡುತ್ತಿದ್ದ ಮಾತು ಎದುರಿಗೇ ನಿಂತಿದೆ, ಬೆಟ್ಟದ ಸಾಲಿಗೆ ಸಾಲೇ ನಿಂತಿದೆ! ಅಕ್ಕ ಚಪ್ಪಲಿ ಬಿಟ್ಟು ಹೋಗಿ ಕಂಬಕ್ಕೆ ಅಂಗೈ ಇಟ್ಟಳು. "ನಾಣಿ, ಬಂದು ಮುಟ್ಟಿ ನೋಡೋ. ಗಬ್ಬದ ಹಸು ಹೊಟ್ಟೆ ಮೇಲೆ ಕೈ ಇಟ್ಟಂಗೈತೆ" ಎಂದಳು. ನಾನೂ ಮುಟ್ಟಿದೆ. ಒಳಗೆ ಏನೋ ಸಣ್ಣಗೆ ಅದುರುತ್ತಿತ್ತು. ನನ್ನ ಕಣ್ಣಲ್ಲಿ ನೀರು ಬಂತು. ಗಾಳಿಗೆ ಧೂಳು ಬಿತ್ತು ಎಂದು ಸುಧಾಕರ್‌ಗೆ ಹೇಳಿದೆ.

ಅವರು ಬ್ಯಾಗಿನಿಂದ ಒಂದು ಚಿತ್ರ ತೆಗೆದರು. ಯುರೋಪಿನ ಕಡೆ ಸಮುದ್ರದ ನಡುವೆಯೇ ಇಂಥ ಯಂತ್ರಗಳನ್ನು ನಿಲ್ಲಿಸಿದ್ದಾರಂತೆ. ಸುತ್ತ ನೀರು, ನೀರೊಳಗೇ ಪಾಯ. ಕಡಲೆಂದರೆ ನನಗೆ ಅಲ್ಲಿಯವರೆಗೆ ಭೂಪಟದ ನೀಲಿ ಬಣ್ಣವಷ್ಟೇ. "ನಮ್ಮ ಕರಾವಳೀಲೂ ಒಂದು ದಿನ ಬರ್ತದೆ ನೋಡಿ. ಕಡಲ ಮೇಲೆ ಗಾಳಿಗೆ ಅಡ್ಡವೇ ಇಲ್ಲ. ನಮ್ಮಪ್ಪ ದೋಣಿಯಲ್ಲಿ ಆ ಗಾಳಿಗೆ ಹೆದರಿಯೇ ಬದುಕಿದವರು" ಎಂದರು ಸುಧಾಕರ್. ಅಕ್ಕ ಚಿತ್ರವನ್ನು ಬಹಳ ಹೊತ್ತು ನೋಡಿ, "ಅಲ್ಲಪ್ಪ, ಸಮುದ್ರದಲ್ಲಿ ಪಹಣಿ ಯಾರ ಹೆಸ್ರಲ್ಲಿರ್ತದೆ?" ಎಂದು ಕೇಳಿದಳು. ಅಷ್ಟು ಓದಿದ ಸುಧಾಕರ್ ಆ ಪ್ರಶ್ನೆಯನ್ನು ಚಿತ್ರದ ಹಿಂದೆ ಬರೆದುಕೊಂಡರು.

ಅದನ್ನು ನೋಡಿ ಬಂದಮೇಲೆ ನನ್ನ ನಿದ್ದೆ ಹಾರಿಹೋಯಿತು. ನಮ್ಮ ಗಾಳಿ ಪಾಸಾಗಲೇಬೇಕು. ಇಷ್ಟು ವರ್ಷ ಪರೀಕ್ಷೆ ಮಾಡುವ ಕುರ್ಚಿಯಲ್ಲಿ ಕೂತವನಿಗೆ ಮೊದಲ ಸಲ ಪೋಷಕರ ಬೆಂಚಿನ ಸಂಕಟ ಗೊತ್ತಾಯಿತು. ಶ್ರಾವಣದವರೆಗೆ ಹಾಜರಿ ಚೆನ್ನಾಗಿತ್ತು. ಕಾರ್ತಿಕ ಬಂದದ್ದೇ ಗಾಳಿ ಚಕ್ಕರ್ ಹೊಡೆಯತೊಡಗಿತು. ಎಲೆ ಅಲ್ಲಾಡದು. ಬಟ್ಟಲುಗಳು ಅನ್ನ ಬಡಿಸಲಿ ಎಂದು ಕಾಯುತ್ತಿರುವಂತೆ ನಿಂತಿರುತ್ತಿದ್ದವು. ಕೈಯಲ್ಲಿ ತಿರುಗಿಸೋಣವೆಂದರೆ ಮೂರು ತೆಂಗಿನ ಮರದೆತ್ತರ. ಒಂದು ದಿನ ಯಾರೂ ಇಲ್ಲದ್ದನ್ನು ನೋಡಿ, "ಎದ್ದೇಳಯ್ಯಾ, ಮರ್ಯಾದೆ ಉಳಿಸಯ್ಯಾ" ಎಂದು ಆಕಾಶಕ್ಕೆ ಕೈಮುಗಿದೆ. ಇನ್ನೂ ಒಂದು ಪಾಪ ಒಪ್ಪಿಕೊಂಡುಬಿಡುತ್ತೇನೆ. ನಾಲ್ಕು ದಿನ ಗೈರಾಗಿದ್ದ ಗಾಳಿಗೆ ನನ್ನ ಪುಸ್ತಕದಲ್ಲಿ 'ಹಾ' ಎಂದು ಬರೆದೆ. ರಾಮಾಂಜಿಗೆ ಎರಡು ಅಂಕ ಕೊಡದ ಕೈ ಗಾಳಿಗೆ ನಾಲ್ಕು ದಿನ ಕೊಟ್ಟಿತು. ಕೊಟ್ಟು ಏನು ಬಂತು? ನನ್ನ ಪುಸ್ತಕವನ್ನು ಕೇಳುವವರಾರು? ಪೆಟ್ಟಿಗೆ ಎಲ್ಲವನ್ನೂ ಇದ್ದಂತೆಯೇ ಬರೆದುಕೊಂಡಿತ್ತು, ಅದು ನನ್ನಂಥ ಮೇಷ್ಟ್ರಲ್ಲ.

ವರ್ಷ ತುಂಬಿದ ಮೇಲೆ ಒಂದು ಸಂಜೆ ಸುಧಾಕರ್ ಫಲಿತಾಂಶ ತಂದರು. ಗುಡ್ಡದ ಮೇಲೆಯೇ ಸೇರಿದ್ದೆವು. ರಾಮಾಂಜಿ ಹೊಸ ಶರಟು ಹಾಕಿಕೊಂಡು, ಅಗ್ರಿಮೆಂಟಿನ ಕಾಗದ ಜೇಬಿನಲ್ಲಿಟ್ಟುಕೊಂಡು ಬಂದಿದ್ದ. ನಾಲ್ಕಾರು ಊರಿನವರೂ ಇದ್ದರು. ಸುಧಾಕರ್ ತಲೆ ತಗ್ಗಿಸಿ, "ಮೇಷ್ಟ್ರ ಭಾಷೆಯಲ್ಲೇ ಹೇಳ್ತೇನೆ. ಮೂವತ್ತೈದು ಬೇಕಿತ್ತು, ಮೂವತ್ತಕ್ಕೆ ನಿಂತಿತು. ಆಷಾಢದಲ್ಲಿ ಒಳ್ಳೆ ಗಾಳಿ, ಆಮೇಲೆ ಸಾಲದು. ಯಂತ್ರಗಳು ವರ್ಷ ವರ್ಷ ಎತ್ತರ ಆಗ್ತಾ ಉಂಟು, ರೆಕ್ಕೆಯೂ ಉದ್ದ ಆಗ್ತಾ ಉಂಟು. ಮುಂದೆ ಎಂದಾದರೂ ಇಷ್ಟೇ ಗಾಳಿ ಸಾಕಾದೀತು. ಈಗ ಆಗ್ಲಿಕ್ಕಿಲ್ಲ" ಎಂದರು.

ಅಕ್ಕನ ಮುಖ ನೋಡುವ ಧೈರ್ಯವಾಗದೆ ಕಂಬ ನೋಡುತ್ತಾ, "ಏನ್ ಮಾಡೋಕಾಗ್ತದಕ್ಕ, ಫೇಲ್ ಅಂದ್ರೆ ಫೇಲೇ. ಲೆಕ್ಕದಲ್ಲಿ ದಯೆ ಇಲ್ಲ" ಎಂದೆ. ರಾಮಾಂಜಿ ಜೇಬಿಗೆ ಕೈ ಹಾಕಿದ.

"ಸುಮ್ನಿರೋ ಕಂಡಿದ್ದೀನಿ" ಎಂದಳು ಅಕ್ಕ, ಆಡುಗಳನ್ನು ಕೂಗಿ ಕೂಗಿ ಪಳಗಿದ ಗಂಟಲಿನಲ್ಲಿ. "ಎಸ್ಸೆಸ್ಸೆಲ್ಸೀಲಿ ಲೆಕ್ಕದಾಗೆ ನೀನು ಎರಡು ಸಲ ಡುಮ್ಕಿ ಹೊಡೆದ್ಯಲ್ಲ, ಆವಾಗ ನಿನ್ನ ಕ್ವಾರಿಯವರಿಗೆ ಕೊಟ್ಬಿಟ್ನಾ? ಮೂರನೇ ಸಲ ಪರೀಕ್ಷೆ ಕಟ್ಟಿಸ್ಲಿಲ್ವಾ? ಎತ್ತರದ ಮಿಷನ್ನು ಬರ್ತದೆ ಅಂತಾನಲ್ಲ ಆಯಪ್ಪ. ಬರ್ಲಿ. ಇದೂ ಇನ್ನೊಂದ್ಸಲ ಕಟ್ಲಿ. ಅದು ಬರೋ ಹೊತ್ಗೆ ನಿಂತ್ಕಳಾಕೆ ಗುಡ್ಡ ಇರಬ್ಯಾಡ್ವಾ? ರಾಮಾಂಜಿ, ನೋಡ್ತೀನಿ ಅಂದಿದ್ದೆ, ನೋಡ್ದೆ. ಕೊಡಲ್ಲ, ಹೋಗಪ್ಪ."

ರಾಮಾಂಜಿ ಕಾಗದವನ್ನು ಮರೆತು ನನ್ನನ್ನೇ ನೋಡುತ್ತಿದ್ದ. ಇಷ್ಟು ವರ್ಷಗಳ ನಮಸ್ಕಾರವೆಲ್ಲ ಅವನ ಮುಖದಲ್ಲಿ ನಿಧಾನವಾಗಿ ನಗುವಾಯಿತು. "ಸಾ, ನೀವೂನಾ?" ಎಂದ. ಆ ಹೊತ್ತಿಗೆ ಸರಿಯಾಗಿ ಕೆರೆಯ ಕಡೆಯಿಂದ ಒಂದು ಗಾಳಿ ಎದ್ದು, ಬಟ್ಟಲುಗಳನ್ನು ಗಿರ್ರನೆ ತಿರುಗಿಸಿ, ನಮ್ಮೆಲ್ಲರ ತಲೆಯ ಮೇಲೆ ಹಾದು ಮಂಡಿಕಲ್ಲಿನ ದಿಕ್ಕಿಗೆ ಹೋಯಿತು. ಮರುದಿನ ಬೆಳಿಗ್ಗೆ ನಾನು ಶಾಲೆಗೆ ಹೋಗುವಷ್ಟರಲ್ಲಿ, ಲೆಕ್ಕದ ಮೇಷ್ಟ್ರು ಲೆಕ್ಕದಲ್ಲೇ ಎರಡು ಸಲ ಫೇಲು ಎಂಬ ಸುದ್ದಿ ಒಂಬತ್ತನೇ ತರಗತಿಯ ಹಿಂದಿನ ಬೆಂಚಿನವರೆಗೂ ತಲುಪಿತ್ತು. ನಮ್ಮ ಗುಡ್ಡದ ಗಾಳಿಗೆ ಶಕ್ತಿ ಸಾಲದು ಎಂದ ಆ ಪೆಟ್ಟಿಗೆಯನ್ನು ಅಂದಿನಿಂದ ನಾನು ನಂಬುವುದು ಬಿಟ್ಟಿದ್ದೇನೆ.