ಎರಡನೇ ಜೊತೆ ಚಪ್ಪಲಿ

ಜಯನಗರದಲ್ಲಿ ಪುಕ್ಕಟೆ ಕಾಫಿ ಸಿಗದ ಏಕೈಕ ಮನೆ ನಮ್ಮ ಸೋದರಮಾವನದು! ದುಡ್ಡೇನೂ ಕೊಡಬೇಕಿಲ್ಲ, ಕಲಾವಿಮರ್ಶೆ ಮಾಡಬೇಕು. ಹಾಲ್‌ನ ಗೋಡೆಯ ಮೇಲೊಂದು ಚಿತ್ರ: ಕೆರೆ ದಂಡೆ, ಹೊಂಗೆ ಮರ, ನೆರಳಲ್ಲಿ ಮುಖಕ್ಕೆ ಟವೆಲ್ ಮುಚ್ಚಿ ಮಲಗಿರುವ ಒಬ್ಬ ಮನುಷ್ಯ. ಪಕ್ಕದಲ್ಲಿ ಎರಡು ಜೊತೆ ಚಪ್ಪಲಿ! ಎರಡನೇ ಜೊತೆ ಯಾರದು? ಉತ್ತರ ಮಾವನಿಗೆ ಹಿಡಿಸಿದರೆ ಲೋಟದ ತುಂಬ ಕಾಫಿ, ಇಲ್ಲದಿದ್ದರೆ ಅರ್ಧ.

ಮದುವೆಗೆ ಕರೆಯಲು ಬಂದ ಹಿರಿಯರೊಬ್ಬರು, "ಮಲಗಿರೋನು ಜೀವಾತ್ಮ, ನೀರಿಗಿಳಿದಿರೋನು ಪರಮಾತ್ಮ" ಎಂದು ಎರಡು ಲೋಟ ಗಿಟ್ಟಿಸಿದರು. "ಪರಮಾತ್ಮ ಹವಾಯಿ ಚಪ್ಪಲಿ ಹಾಕ್ತಾನಾ ಮಾವ?" ಎಂದ ನನಗೆ, ಚರ್ಚಾಸ್ಪರ್ಧೆಗಳ ವಿಜೇತೆಗೆ, ಅರ್ಧವೂ ದಕ್ಕಲಿಲ್ಲ.

ಆ ಚಿತ್ರ ತೋರಿಸಿ ವಿರಾಮದ ಬಗ್ಗೆ ಇಷ್ಟು ಕೊರೆಯುವ ಈ ಮಹಾಶಯರು ಕೂತಿದ್ದನ್ನು ಕಂಡವರುಂಟೆ? ಅವರ ಪಾತ್ರೆ ಅಂಗಡಿಗೆ ಭಾನುವಾರವೂ ರಜೆಯಿಲ್ಲ. ಮದುವೆಯ ಹೊಸತರಲ್ಲಿ ಅತ್ತೆಯನ್ನು ಲಾಲ್‌ಬಾಗಿನ ಬೆಂಚಿನ ಮೇಲೆ ಕೂರಿಸಿ, ಕುಕ್ಕರ್ ಲೋಡ್ ಇಳಿಸಿಕೊಳ್ಳಲು ಓಡಿದ್ದರಂತೆ!

ಮೊನ್ನೆ ಅತ್ತೆ ಅದೇ ಗೋಡೆಗೆಂದು ದೊಡ್ಡ ಟಿವಿ ತರಿಸಿದರು. ಮಾವ ಚಿತ್ರಕ್ಕೆ ಕಾವಲು ನಿಂತರು. ಟಿವಿ ಕೂರಿಸಲು ಬಂದವನಿಗೂ ಅದೇ ಪ್ರಶ್ನೆ.

"ಚಪ್ಪಲಿ ಯಾರದಾದ್ರೇನು ಸಾರ್? ಅಲ್ಲಿ ನೆಟ್‌ವರ್ಕ್ ಇಲ್ಲ, ಅದಕ್ಕೇ ಮಲಗವ್ನೆ."

ಅರ್ಧ ಲೋಟ.

"ನಿನ್ನ ಡಿಬೇಟು ಯಾವತ್ತಿಗೆ ಇಟ್ಕೊಂಡಿದೀಯೇ? ಮಾತಾಡು!" ಅತ್ತೆ ನನ್ನನ್ನು ಮುಂದೆ ತಳ್ಳಿದರು.

"ಮಾವ, ನೀವು ಒಂದಿನ ಆದ್ರೂ ಕೆರೆ ದಂಡೇಲಿ ಕೂತಿದೀರಾ? ಕಣ್ಣಾರೆ ನೋಡದೇ ಇರೋರ ಸಾಕ್ಷಿ ನಡೆಯಲ್ಲ. ಇಳಿಸಿ ಅದನ್ನ."

"ಚಪ್ಪಲಿ ಯಾರದು ಹೇಳು, ಇಳಿಸ್ತೀನಿ."

"ಇನ್ಯಾರದು? ಹೆಂಡ್ತೀದು! ಯಜಮಾನ್ರು ಮಲಗಿದಾರೆ, ಅವ್ಳು ಬರಿಗಾಲಲ್ಲಿ ಕಾಫಿ ತರೋಕೆ ಓಡಿದಾಳೆ."

ಗೆದ್ದೆನೆಂದು ಬೀಗಿದೆ. ಮಾವ ಅಡುಗೆಮನೆ ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದ ಅತ್ತೆಯ ಬರಿಗಾಲನ್ನೇ ನೋಡುತ್ತಿದ್ದರು. ಕೊನೆಗೆ ಟಿವಿಯವನಿಗೆ, "ನಾಳಿದ್ದು ಬಾರಪ್ಪ" ಎಂದರು.

ಮರುದಿನ ಅಂಗಡಿಗೆ ಬೀಗ! ಗಾಬರಿಯಿಂದ ಫೋನ್ ಮಾಡಿದರೆ ಮಾವನ ಪಿಸುಮಾತು: "ಹುಳಿಮಾವು ಕೆರೆ ಹತ್ರ ಇದೀವಿ ಕಣೇ." ತೀರ್ಪು ಜಾರಿಯಾಗುವುದನ್ನು ನೋಡದೆ ಬಿಡುತ್ತೇನೆಯೇ? ಹೋದೆ.

ಮರದ ನೆರಳಲ್ಲಿ ಚಾಪೆ, ಪಕ್ಕದಲ್ಲಿ ಎರಡು ಜೊತೆ ಚಪ್ಪಲಿ. ಮುಖಕ್ಕೆ ಸೆರಗು ಮುಚ್ಚಿ ಅತ್ತೆ ಗಾಢ ನಿದ್ದೆಯಲ್ಲಿದ್ದರು. ಗೇಟಿನ ಕಡೆಯಿಂದ ಮಾವ ಎರಡು ಪೇಪರ್ ಕಪ್ ಹಿಡಿದು, ಕಾದ ನೆಲದ ಮೇಲೆ ಬರಿಗಾಲಲ್ಲಿ ಕುಣಿಯುತ್ತಾ ಬರುತ್ತಿದ್ದರು.

"ಶ್! ಚಪ್ಪಲಿ ಸದ್ದಿಗೆ ಎದ್ಬಿಡ್ತಾಳೆ. ಬೆಳಗ್ಗೇನೇ ಇಳಿಸ್ದೆ ಕಣೇ, ಗೋಡೆ ಮೇಲಿನ ಆ ಚಿತ್ರಾನ."

"ಯಾಕೆ ಮಾವ?"

"ನೀನು ಹೇಳಿದ್ದೇ ಸರಿ ಉತ್ತರ" ಎಂದು ತಮ್ಮ ಪಾಲಿನ ಕಪ್ ನನ್ನ ಕೈಗಿಟ್ಟರು. ಅಂಚಿನವರೆಗೂ ತುಂಬಿತ್ತು.